ಹಳೆಯ ಡೀಸೆಲ್ ವಾಹನದ ಹೊಗೆ ಮತ್ತು ಶಕ್ತಿಕುಂದು: ದುರಸ್ತಿ ಬಿಲ್ಲಿಗೆ ಒಪ್ಪಿಗೆ ನೀಡುವ ಮುನ್ನ

(ಬಸವಕಲ್ಯಾಣ ಹಾಗೂ ಹುಮನಾಬಾದ್ ತಾಲ್ಲೂಕುಗಳ ಗ್ರಾಮ ಪಂಚಾಯತಿ ಸದಸ್ಯರಿಗಾಗಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಹುಮನಾಬಾದಿನಿಂದ ಬಸವಕಲ್ಯಾಣದ ಕಡೆಗೆ ರಾಷ್ಟ್ರೀಯ ಹೆದ್ದಾರಿ 65ರಲ್ಲಿ ಹೊರಟ, ಹತ್ತು-ಹನ್ನೆರಡು ವರ್ಷ ಹಳೆಯ ಡೀಸೆಲ್ ಕಾರೊಂದನ್ನು ಊಹಿಸಿಕೊಳ್ಳಬಹುದು. ರಾಜೇಶ್ವರದವರೆಗೆ ಅದು ಹೇಗೋ ಓಡುತ್ತದೆ. ಏರು ಬಂದೊಡನೆ ವೇಗ ಕುಸಿಯುತ್ತದೆ. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಪಿಕಪ್ ಬರುವುದಿಲ್ಲ. ಹಿಂದೆ ಕಪ್ಪು ಹೊಗೆ ಕವಿಯುತ್ತದೆ. ಗ್ಯಾರೇಜಿನಲ್ಲಿ ‘ಪಂಪ್ ಬಿಚ್ಚಬೇಕು’ ಎಂಬ ಮಾತು ಕೇಳಿಬರುತ್ತದೆ. ಮುಂದಿನ ಸಭೆಗೆ ಸಾವಿರಾರು ರೂಪಾಯಿಗಳ ಅಂದಾಜು ಪಟ್ಟಿ ಬರುತ್ತದೆ. ಆದರೆ ನಿಜವಾದ ಕಾರಣ ಸೀಳಿದ ಒಂದು ರಬ್ಬರ್ ಹೋಸ್ ಅಥವಾ ಧೂಳು ತುಂಬಿದ ಏರ್ ಫಿಲ್ಟರ್ ಆಗಿರುವುದು ಅಪರೂಪವಲ್ಲ.

ಪಂಚಾಯತಿಯ ವಾಹನವಾದರೆ ಆ ಬಿಲ್ಲು ಗ್ರಾಮಸ್ಥರ ತೆರಿಗೆಯ ಹಣದಿಂದ ಪಾವತಿಯಾಗುತ್ತದೆ. ಸದಸ್ಯರು ಮೆಕ್ಯಾನಿಕ್ ಆಗಬೇಕಿಲ್ಲ. ಆದರೆ ಸರಿಯಾದ ಪ್ರಶ್ನೆ ಕೇಳುವಷ್ಟು ತಿಳಿವಳಿಕೆ ಅವರಿಗೆ ಅಗತ್ಯ.

ಮೂಲ ತತ್ತ್ವ

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇರುವುದಿಲ್ಲ. ಗಾಳಿಯನ್ನು ಸುಮಾರು 16ರಿಂದ 22 ಪಟ್ಟು ಕುಗ್ಗಿಸಿದಾಗ ಅದು 500 ಡಿಗ್ರಿ ಸೆಲ್ಸಿಯಸ್‌ಗೂ ಮೀರಿ ಕಾಯುತ್ತದೆ. ಆ ಕಾವಿನಲ್ಲಿ ಸಿಂಪಡಿಸಿದ ಡೀಸೆಲ್ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಒಂದು ಲೀಟರ್ ಡೀಸೆಲ್ ಪೂರ್ಣವಾಗಿ ಉರಿಯಲು ಕನಿಷ್ಠ 10,000 ಲೀಟರಿನಷ್ಟು ಗಾಳಿ ಬೇಕು. ಆದ್ದರಿಂದ ಗಾಳಿ, ಇಂಧನ, ಒತ್ತಡ ಈ ಮೂರರಲ್ಲಿ ಯಾವುದು ಕೆಟ್ಟರೂ ಶಕ್ತಿ ಕುಂದುತ್ತದೆ. ಯಾವುದು ಕೆಟ್ಟಿರಬಹುದೆಂಬುದಕ್ಕೆ ಹೊಗೆಯ ಬಣ್ಣವೇ ಮೊದಲ ಸುಳಿವು.

ಕಪ್ಪು ಹೊಗೆ

ಇಂಧನಕ್ಕೆ ತಕ್ಕಷ್ಟು ಗಾಳಿ ದೊರೆಯುತ್ತಿಲ್ಲವೆಂದು ಇದರ ಅರ್ಥ. ಬೇಸಿಗೆಯ ಕೆಂಪು ಧೂಳಿನಲ್ಲಿಯೂ ಕಬ್ಬು ಸಾಗಿಸುವ ಕಾಲದ ಹೊಲದ ದಾರಿಗಳಲ್ಲಿಯೂ ಏರ್ ಫಿಲ್ಟರ್ ಬೇಗನೆ ಮುಚ್ಚಿಕೊಳ್ಳುತ್ತದೆ. ಮೊದಲು ನೋಡಬೇಕಾದುದು ಅದನ್ನೇ. ಅದರ ಕಾಗದವನ್ನು ಕಂಪ್ರೆಸರಿನ ಜೋರು ಗಾಳಿಯಿಂದ ಊದಿದರೆ ಕಣ್ಣಿಗೆ ಕಾಣದ ರಂಧ್ರಗಳು ಬೀಳುತ್ತವೆ. ಆ ಮೂಲಕ ಒಳಹೊಕ್ಕ ಧೂಳು ಪಿಸ್ಟನ್ ರಿಂಗುಗಳನ್ನು ಸವೆಸುತ್ತದೆ. ಫಿಲ್ಟರ್ ಬದಲಾಯಿಸುವುದೇ ಲೇಸು.

ಟರ್ಬೊ ಇರುವ ವಾಹನದಲ್ಲಿ ಟರ್ಬೊದಿಂದ ಎಂಜಿನ್ನಿಗೆ ಗಾಳಿ ಒಯ್ಯುವ ಹೋಸುಗಳನ್ನು ಕೈಯಿಂದ ಬಗ್ಗಿಸಿ ನೋಡಬೇಕು. ಎಂಜಿನ್ ನಿಲ್ಲಿಸಿ ತಣ್ಣಗಾದ ಮೇಲೆ ಈ ಕೆಲಸ ಮಾಡತಕ್ಕದ್ದು. ಸೀಳು ಅಥವಾ ಸಡಿಲ ಕ್ಲಿಪ್ ಇದ್ದಲ್ಲಿ ಎಣ್ಣೆಯ ಜಿಡ್ಡು ಕಾಣುತ್ತದೆ. ಏರಿನಲ್ಲಿ ‘ಸುಯ್’ ಎಂಬ ಸದ್ದೂ ಕೇಳಬಹುದು. ಇವೆರಡೂ ಸರಿಯಿದ್ದಲ್ಲಿ ಮಾತ್ರ ಮಸಿ ಕಟ್ಟಿ ತೆರೆದೇ ಉಳಿದ ಇಜಿಆರ್ ವಾಲ್ವ್, ಹನಿಯುವ ಇಂಜೆಕ್ಟರ್, ಕೊನೆಗೆ ಪಂಪು ಎಂಬ ಕ್ರಮದಲ್ಲಿ ಮುಂದುವರಿಯಬೇಕು.

ಬಿಳಿ ಹೊಗೆ

ಡಿಸೆಂಬರ್-ಜನವರಿಯ ಚಳಿಯ ಮುಂಜಾವಿನಲ್ಲಿ ಸ್ಟಾರ್ಟ್ ಮಾಡಿದಾಗ ತುಸು ಹೊತ್ತು ಬಿಳಿ ಹೊಗೆ ಬಂದು ನಿಂತರೆ ಆತಂಕವಿಲ್ಲ. ಸ್ಟಾರ್ಟ್ ಆಗಲು ತಡವಾದರೆ ಹೀಟರ್ ಪ್ಲಗ್ ಪರೀಕ್ಷಿಸಬೇಕು. ಎಂಜಿನ್ ಕಾದ ಮೇಲೆಯೂ ಕಣ್ಣುರಿಸುವ, ಡೀಸೆಲ್ ವಾಸನೆಯ ಹೊಗೆ ಬಂದರೆ ಡೀಸೆಲ್ ಉರಿಯದೆ ಹೊರಬರುತ್ತಿದೆ. ಇಂಜೆಕ್ಟರ್, ಟೈಮಿಂಗ್ ಅಥವಾ ಕಂಪ್ರೆಷನ್ ದೋಷವಿರಬಹುದು.

ಹೊಗೆಯಲ್ಲಿ ಸಿಹಿ ವಾಸನೆಯಿದ್ದು, ರೇಡಿಯೇಟರ್ ನೀರು ಕಡಿಮೆಯಾಗುತ್ತಿದ್ದು, ಎಂಜಿನ್ ಆಯಿಲ್ ಹಾಲು ಬೆರೆಸಿದಂತೆ ಕಂಡರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಂಭವ ಹೆಚ್ಚು. ಅಂತಹ ವಾಹನವನ್ನು ಅಲ್ಲಿಯೇ ನಿಲ್ಲಿಸಬೇಕು. ‘ಊರು ಮುಟ್ಟಿಸಿಬಿಡೋಣ’ ಎಂದು ಓಡಿಸಿದರೆ ಗ್ಯಾಸ್ಕೆಟ್ಟಿನ ಖರ್ಚು ಇಡೀ ಎಂಜಿನ್ನಿನ ಖರ್ಚಾಗಿ ಬೆಳೆಯುತ್ತದೆ. ಕಾದ ರೇಡಿಯೇಟರಿನ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಬಾರದು.

ನೀಲಿ ಹೊಗೆ

ಎಂಜಿನ್ ಆಯಿಲ್ ಉರಿಯುತ್ತಿರುವ ಗುರುತಿದು. ಮೊದಲು ಡಿಪ್‌ಸ್ಟಿಕ್ ನೋಡಬೇಕು; ಆಯಿಲ್ ಅಳತೆ ಮೀರಿ ತುಂಬಿದ್ದರೂ ಹೀಗಾಗುತ್ತದೆ. ಬಹಳ ಹೊತ್ತು ಐಡಲ್‌ನಲ್ಲಿದ್ದು ಹೊರಟಾಗ ಮಾತ್ರ ಬಂದರೆ ವಾಲ್ವ್ ಸೀಲ್ ಸವೆದಿರಬಹುದು. ಭಾರ ಎಳೆಯುವಾಗಲೆಲ್ಲ ಬಂದರೆ ರಿಂಗ್ ಮತ್ತು ಬೋರ್ ಸವೆದಿರಬಹುದು. ಟರ್ಬೊದ ಸೀಲ್ ಸೋರಿದರೂ ಇದೇ ಲಕ್ಷಣ. ಎಂಜಿನ್ ಬಿಚ್ಚುವ ನಿರ್ಣಯಕ್ಕೆ ಮುನ್ನ ಕಂಪ್ರೆಷನ್ ಪರೀಕ್ಷೆ ಮಾಡಿಸಿ, ಪ್ರತಿ ಸಿಲಿಂಡರಿನ ಅಂಕಿಯನ್ನು ಬರಹದಲ್ಲಿ ಪಡೆಯತಕ್ಕದ್ದು.

ಹೊಗೆಯಿಲ್ಲದೆ ಶಕ್ತಿ ಕುಂದಿದರೆ

ಇಲ್ಲಿ ಇಂಧನವೇ ಸಾಕಷ್ಟು ತಲುಪುತ್ತಿಲ್ಲದಿರಬಹುದು. ಡೀಸೆಲ್ ಫಿಲ್ಟರ್ ಮುಚ್ಚಿರುವುದು, ಪೈಪಿನಲ್ಲಿ ಗಾಳಿ ಸೇರಿರುವುದು, ಬ್ಯಾರೆಲ್ಲಿನಲ್ಲಿ ಸಂಗ್ರಹಿಸಿದ ಡೀಸೆಲ್ಲಿಗೆ ಮಳೆಗಾಲದಲ್ಲಿ ನೀರು ಬೆರೆತಿರುವುದು ಸಾಮಾನ್ಯ ಕಾರಣಗಳು. ಫಿಲ್ಟರಿನ ಕೆಳಗಿನ ತಿರುಪು ಸಡಿಲಿಸಿ ಗಾಜಿನ ಲೋಟದಲ್ಲಿ ಹಿಡಿದರೆ ನೀರು ತಳದಲ್ಲಿ ನಿಲ್ಲುತ್ತದೆ. ಎಂಜಿನ್ನಿನ ಸದ್ದು ಏರಿದರೂ ವೇಗ ಏರದಿದ್ದರೆ ದೋಷ ಕ್ಲಚ್ ಪ್ಲೇಟಿನಲ್ಲಿದೆ. ಚಕ್ರದ ಡ್ರಮ್ ಅತಿಯಾಗಿ ಕಾದಿದ್ದರೆ ಬ್ರೇಕ್ ಹಿಡಿದುಕೊಂಡಿದೆ.

ಕಾಮನ್ ರೈಲ್ ಎಂಜಿನ್ನಿನಲ್ಲಿ ಎಚ್ಚರಿಕೆಯ ದೀಪ ಹೊತ್ತಿದ್ದರೆ ಸ್ಕ್ಯಾನರ್ ಹಚ್ಚಿಸಬೇಕು. ಆದರೆ ಸ್ಕ್ಯಾನರ್ ಕೋಡ್ ಹುಡುಕಬೇಕಾದ ಜಾಗವನ್ನು ಮಾತ್ರ ತೋರಿಸುತ್ತದೆ. ಯಾವ ಭಾಗ ಕೆಟ್ಟಿದೆಯೆಂದು ಅದೊಂದರಿಂದಲೇ ನಿರ್ಧರಿಸಿ ಹೊಸ ಭಾಗ ಕೊಳ್ಳುವುದು ತಪ್ಪು.

ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

1. ಹೊಗೆ ಯಾವ ಬಣ್ಣದ್ದು, ಯಾವಾಗ ಬರುತ್ತದೆ, ಎಂದಿನಿಂದ ಬರುತ್ತಿದೆ ಎಂಬುದನ್ನು ಚಾಲಕರು ಲಾಗ್ ಪುಸ್ತಕದಲ್ಲಿ ಬರೆದಿರುವರೇ?
2. ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್, ಹೋಸುಗಳ ಪರಿಶೀಲನೆ ಆಗಿದೆಯೇ?
3. ಪಂಪ್, ಟರ್ಬೊ ಅಥವಾ ಎಂಜಿನ್ ಬಿಚ್ಚಲು ಯಾವ ಪರೀಕ್ಷೆಯ ಆಧಾರವಿದೆ?
4. ಬದಲಾಯಿಸಿದ ಹಳೆಯ ಭಾಗಗಳನ್ನು ಕಚೇರಿಗೆ ಹಿಂದಿರುಗಿಸಲಾಗುವುದೇ?
5. ವಾಹನ 15 ವರ್ಷ ಸಮೀಪಿಸಿದೆಯೇ? 2023ರ ಏಪ್ರಿಲ್ 1ರಿಂದ 15 ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣವಾಗುವುದಿಲ್ಲ. ಅಂಚಿನಲ್ಲಿರುವ ವಾಹನಕ್ಕೆ ದೊಡ್ಡ ಖರ್ಚು ಮಾಡುವುದು ವಿವೇಕವಲ್ಲ.

ಬಸವಕಲ್ಯಾಣದ ಆಟೋನಗರದಲ್ಲಿ ಅನುಭವಿ ಕುಶಲಕರ್ಮಿಗಳಿಗೆ ಕೊರತೆಯಿಲ್ಲ. ಲಕ್ಷಣವನ್ನು ಸರಿಯಾಗಿ ತಿಳಿಸಿದರೆ ಅವರ ಕೆಲಸವೂ ಸುಲಭ, ಪಂಚಾಯತಿಯ ಹಣವೂ ಉಳಿಯುತ್ತದೆ.

ಹೊಗೆ ಕೇವಲ ಯಂತ್ರದ ವಿಷಯವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2012ರಲ್ಲಿ ಡೀಸೆಲ್ ಹೊಗೆಯನ್ನು ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದೆ. ಹೊಗೆ ತಪಾಸಣೆಯಲ್ಲಿ ಭಾರತ್ ಸ್ಟೇಜ್-4ಕ್ಕಿಂತ ಹಿಂದಿನ ಡೀಸೆಲ್ ವಾಹನಗಳಿಗೆ 65 ಹಾರ್ಟ್ರಿಜ್ ಮಾನ, ಸ್ಟೇಜ್-4 ವಾಹನಗಳಿಗೆ 50 ಎಂಬ ಮಿತಿಯಿದೆ. ಶಾಲೆ, ಅಂಗನವಾಡಿಗಳ ಮುಂದೆ ಹಾದುಹೋಗುವ ಪಂಚಾಯತಿಯ ವಾಹನವೇ ಆ ಮಿತಿಯನ್ನು ಮೀರಿದರೆ, ಕಸ ಸುಡಬೇಡಿರೆಂದು ಗ್ರಾಮಸ್ಥರಿಗೆ ಹೇಳುವ ನೈತಿಕ ಬಲ ಪಂಚಾಯತಿಗೆ ಉಳಿಯುವುದಿಲ್ಲ. ಆದ್ದರಿಂದ ಮುಂದಿನ ದುರಸ್ತಿ ಬಿಲ್ಲು ಸಭೆಗೆ ಬಂದಾಗ, ಮೊತ್ತಕ್ಕಿಂತ ಮೊದಲು ಹೊಗೆಯ ಬಣ್ಣವನ್ನು ಕೇಳುವುದು ಸದಸ್ಯರ ರೂಢಿಯಾಗಲಿ.