ಕರಾರು, ವಕೀಲರು ಮತ್ತು ಸತ್ಯ

(ಮೋಟೆಬೆನ್ನೂರು: ಜುಮಾ ಖುತ್ಬಾದ ಸಾರಾಂಶ)

ಮೆಣಸಿನಕಾಯಿಗೆ ಮುಂಗಡ ಪಡೆಯುತ್ತೇವೆ. ದರ ಏರಿದರೆ ಮಾಲನ್ನು ಬೇರೆಯವರಿಗೆ ಕೊಡುತ್ತೇವೆ. ಆಮೇಲೆ ಇಬ್ಬರೂ ವಕೀಲರನ್ನು ಹುಡುಕುತ್ತೇವೆ. ಸೂರಃ ಅಲ್‌ಬಕರದ 282ನೆಯ ವಚನ ಸಾಲದ ವ್ಯವಹಾರವನ್ನು ಬರೆದಿಡಲು, ಸಾಕ್ಷಿಗಳನ್ನಿಡಲು ಹೇಳುತ್ತದೆ. ಬರೆದಿದ್ದರೆ ಅರ್ಧ ಜಗಳವೇ ಇರದು.

ಹಕ್ಕಿಗಾಗಿ ವಕೀಲರನ್ನು ನೇಮಿಸುವುದು ತಪ್ಪಲ್ಲ. ಕರಾರು ಮುರಿದ ದಿನದಿಂದ ಸಾಮಾನ್ಯವಾಗಿ 3 ವರ್ಷದೊಳಗೆ ದಾವೆ ಹೂಡಬೇಕು. ಮಹಿಳೆಯರಿಗೆ, ವರಮಾನ ಮಿತಿಯೊಳಗಿನ ಬಡವರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯ ಮೂಲಕ ಉಚಿತ ವಕೀಲರು ಸಿಗುತ್ತಾರೆ.

ಆದರೆ ಪಡೆದ ಮುಂಗಡವನ್ನೂ ನಮ್ಮ ತಪ್ಪನ್ನೂ ವಕೀಲರಿಂದ ಮುಚ್ಚಿಡಬಾರದು. ವಾದಚಾತುರ್ಯದಿಂದ ಸಹೋದರನ ಹಕ್ಕನ್ನು ಗೆದ್ದವನಿಗೆ ದಕ್ಕುವುದು ಬೆಂಕಿಯ ತುಂಡು ಎಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಕೋರ್ಟಿನ ಡಿಕ್ರಿ ಹರಾಮನ್ನು ಹಲಾಲ್ ಮಾಡದು. ವಕಾಲತ್ತಿಗೆ ಸಹಿ ಹಾಕುವ ಮುನ್ನ ನಮ್ಮನ್ನೇ ಕೇಳಿಕೊಳ್ಳೋಣ: ಆ ಹಣ ನಿಜವಾಗಿ ನಮ್ಮದೇ?

ಅಲ್ಲಾಹನು ನಮ್ಮ ಮಾತನ್ನೂ ಸಂಪಾದನೆಯನ್ನೂ ಶುದ್ಧಗೊಳಿಸಲಿ. ಆಮೀನ್.