ಮಾತು ಕೊನೆಯ ಹೊಲಕ್ಕೂ ಮುಟ್ಟಲಿ
(ಸಂತೆಕಲ್ಲೂರಿನಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

ಮಠಗಳು, ಬಸವಪರ ಸಂಘಟನೆಗಳು ಮೊಬೈಲು, ಇಂಟರ್‌ನೆಟ್ಟನ್ನು ಹೇಗೆ ಬಳಸಬೇಕು ಎಂಬುದರ ಬಗ್ಗೆ ಮಾತನಾಡಲು ಹೇಳಿದ್ದೀರಿ. ಕಾಲದ ಸಾಧನವನ್ನು ಬಳಸಿಕೊಳ್ಳುವುದು ನಮಗೆ ಹೊಸದಲ್ಲ. ಇದೇ ಸಂತೆಕಲ್ಲೂರಿನ ಘನಮಠದ ನಾಗಭೂಷಣ ಶಿವಯೋಗಿಗಳು 19ನೇ ಶತಮಾನದಲ್ಲಿಯೇ 'ಕೃಷಿ ಜ್ಞಾನ ಪ್ರದೀಪಿಕೆ' ಬರೆದು ಮಠದ ಅರಿವನ್ನು ಒಕ್ಕಲಿಗನ ಹೊಲಕ್ಕೆ ಒಯ್ದರು. ಫ.ಗು. ಹಳಕಟ್ಟಿಯವರು ಓಲೆಗರಿಗಳಲ್ಲಿದ್ದ ವಚನಗಳನ್ನು ಹುಡುಕಿ 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಹೊರತಂದರು. 1925ರಲ್ಲಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯ ತೆರೆದರು, 1926ರಲ್ಲಿ 'ಶಿವಾನುಭವ' ಪತ್ರಿಕೆ ಆರಂಭಿಸಿದರು. ಅಚ್ಚುಮೊಳೆಯೇ ಆಗಿನ ತಂತ್ರಜ್ಞಾನ. ಇಂದು 'ವಚನ ಸಂಚಯ'ದಲ್ಲಿ 20 ಸಾವಿರಕ್ಕೂ ಹೆಚ್ಚು ವಚನಗಳಿವೆ. ಒಂದು ಪದ ಕೊಟ್ಟರೆ ಅದು ಬಂದಿರುವ ವಚನಗಳೆಲ್ಲ ಕಣ್ಣೆದುರಿಗೆ ಬರುತ್ತವೆ. ಅದೂ ಬಿಡಿಗಾಸಿಲ್ಲದೆ.

ಸಾಧನವೇನೋ ಬಂತು. ಸಮುದಾಯ ಬಂತೇ?

ನಾನು ನೀರಾವರಿಯಲ್ಲಿ ದುಡಿದವನು. ನಾಲೆಯ ಗೇಟು ಎತ್ತಿದ ಕೂಡಲೇ ಕಡತದಲ್ಲಿ 'ನೀರು ಬಿಡಲಾಗಿದೆ' ಎಂದು ಬರೆಯಬಹುದು. ಆದರೆ ಕೊನೆ ಭಾಗದ ರೈತನ ಹೊಲ ಒಣಗಿಯೇ ಇರಬಹುದು. ತುಂಗಭದ್ರಾ ಎಡದಂಡೆ ನಾಲೆಯ ಕೆಳಭಾಗದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಮ್ಮ ವಾಟ್ಸ್‌ಆ್ಯಪ್ ಗುಂಪುಗಳ ಸ್ಥಿತಿಯೂ ಹೀಗೆಯೇ. ಸನ್ಮಾನದ ಫೋಟೊ, ಹುಟ್ಟುಹಬ್ಬದ ಶುಭಾಶಯ, ಆಹ್ವಾನಪತ್ರಿಕೆ, ಇವು ದಿನವೂ ಹರಿಯುತ್ತವೆ. ಮನೆಗೆ ಒಂದೇ ಫೋನು, ಅದೂ ಗಂಡನ ಜೇಬಿನಲ್ಲಿದ್ದರೆ ತಾಯಿಗೆ ಏನು ಮುಟ್ಟಿತು? ಬೆಂಗಳೂರಿಗೆ ಗುಳೆ ಹೋದ ಕುಟುಂಬಕ್ಕೆ ಏನು ಮುಟ್ಟಿತು? ಓದಲು ಬಾರದ ಹಿರಿಯರಿಗೆ?

ಅನುಭವ ಮಂಟಪ ಒಬ್ಬರೇ ಹೇಳಿ ಉಳಿದವರು ಕೇಳುವ ಜಾಗವಾಗಿರಲಿಲ್ಲ. ಅಲ್ಲಿ ಪ್ರಶ್ನೆಯಿತ್ತು, ಮರುಪ್ರಶ್ನೆಯಿತ್ತು. ಆಯ್ದಕ್ಕಿ ಲಕ್ಕಮ್ಮ ಗಂಡನ ಕಾಯಕವನ್ನೇ ತಿದ್ದಿದರು. ಆ ತಾಯಿ ನಮ್ಮ ಲಿಂಗಸುಗೂರು ಸೀಮೆಯ ಅಮರೇಶ್ವರದವರು ಎಂಬುದು ನಮ್ಮ ಹೆಮ್ಮೆ. ಇಂದು ಲಕ್ಕಮ್ಮ ನಮ್ಮ ಗುಂಪಿಗೆ ಬಂದರೆ, 'ಅಡ್ಮಿನ್ ಮಾತ್ರ ಬರೆಯಬಹುದು' ಎಂಬ ಸೂಚನೆ ಕಂಡಾರು!

ಆದ್ದರಿಂದ ನನ್ನ ಸಲಹೆಗಳು ಇಷ್ಟೇ.

ಒಂದು, ಗುಂಪು ನಡೆಸುವವರಲ್ಲಿ ಒಬ್ಬ ತಾಯಿ, ಒಬ್ಬ ಯುವಕ ಇರಲೇಬೇಕು. ವಾರಕ್ಕೆ ಒಂದು ದಿನ ಗುಂಪನ್ನು ಪ್ರಶ್ನೆಗೆ ಮೀಸಲಿಡಿ. ಉತ್ತರ ಕೊಡದೆ ಯಾವ ಪ್ರಶ್ನೆಯನ್ನೂ ಬಿಡಬೇಡಿ.

ಎರಡು, ಬರಹದ ಜೊತೆ ಎರಡು ನಿಮಿಷದ ಧ್ವನಿ ಕಳಿಸಿ. ಅದು ಈ ಭಾಗದ ಆಡುಮಾತಿನಲ್ಲಿಯೇ ಇರಲಿ. ಫೋನಿಲ್ಲದ ಓಣಿಯಲ್ಲಿ ಯಾರಾದರೂ ಒಬ್ಬರು ಅದನ್ನು ಎಲ್ಲರಿಗೂ ಕೇಳಿಸಲಿ.

ಮೂರು, ಮೂಲ ನೋಡದೆ ವಚನ ಹಂಚಬೇಡಿ. ಕೊನೆಯಲ್ಲಿ ಅಂಕಿತ ಅಂಟಿಸಿದ ಮಾತ್ರಕ್ಕೆ ಅದು ಬಸವಣ್ಣನವರ ವಚನವಾಗುವುದಿಲ್ಲ. ಸರ್ಕಾರ 15 ಸಂಪುಟಗಳಲ್ಲಿ ವಚನಗಳನ್ನು ಪ್ರಕಟಿಸಿದೆ. ಸಂಪುಟ, ವಚನದ ಸಂಖ್ಯೆ ಬರೆಯಿರಿ. ಇಲ್ಲೇ ಪಕ್ಕದ ಮಸ್ಕಿಯ ಬಂಡೆಯನ್ನು ನೆನೆಯಿರಿ. 1915ರಲ್ಲಿ ಬೆಳಕಿಗೆ ಬಂದ ಆ ಶಾಸನದಲ್ಲಿ ಅಶೋಕ ಎಂಬ ಹೆಸರಿದ್ದುದರಿಂದಲೇ 'ದೇವಾನಾಂಪ್ರಿಯ' ಯಾರೆಂಬುದು ಖಚಿತವಾಯಿತು. ಹೇಳಿದವರ ಹೆಸರು ಅಷ್ಟು ಮುಖ್ಯ.

ನಾಲ್ಕು, ಪುಸ್ತಕ, ಪತ್ರಿಕೆಗಳನ್ನು ಯೂನಿಕೋಡ್‌ನಲ್ಲಿ ಇಡಿ. ಹಳೆಯ ಅಕ್ಷರಶೈಲಿಯ ಕಡತಗಳು ಅಚ್ಚಿಗೆ ಸರಿ, ಹುಡುಕಿದರೆ ಸಿಗುವುದಿಲ್ಲ. ನಾಳೆ ಮಕ್ಕಳು ಹುಡುಕುವುದು ಫೋನಿನಲ್ಲಿಯೇ.

ಐದು, ದಾಸೋಹಕ್ಕೆ ಬಂದದ್ದು ಎಷ್ಟು, ಖರ್ಚು ಎಷ್ಟು ಎಂಬುದನ್ನು ತಿಂಗಳಿಗೊಮ್ಮೆ ಗುಂಪಿನಲ್ಲಿ ಹಾಕಿ. ಲೆಕ್ಕ ತೋರಿಸಿದ ಸಂಸ್ಥೆಯನ್ನು ಜನ ತಮ್ಮದೆನ್ನುತ್ತಾರೆ. ಹಾಗೆಯೇ ಭಕ್ತರ ಫೋನ್ ನಂಬರುಗಳನ್ನು ಅವರ ಒಪ್ಪಿಗೆಯಿಲ್ಲದೆ ವ್ಯಾಪಾರಿಗಳಿಗಾಗಲಿ ರಾಜಕಾರಣಿಗಳಿಗಾಗಲಿ ಕೊಡಬೇಡಿ.

ಇವಕ್ಕೆ ದೊಡ್ಡ ಹಣ ಬೇಡ. ದಿನಕ್ಕೆ ಅರ್ಧ ತಾಸು ಕೊಡುವ ನಾಲ್ಕು ಜನ ಸಾಕು. ಅದನ್ನೂ ಕಾಯಕವೆಂದೇ ಮಾಡಬೇಕು. ಗುಂಪಿನಲ್ಲಿ ಎಷ್ಟು ಸಾವಿರ ಜನ ಇದ್ದಾರೆ ಎಂದು ಎಣಿಸಬೇಡಿ. ಈ ವಾರ ಹೊಸದಾಗಿ ಬಾಯಿ ತೆರೆದವರು ಎಷ್ಟು ಜನ ಎಂದು ಎಣಿಸಿ. ಸಮಾನತೆ ನಮ್ಮ ಭಾಷಣದಲ್ಲಷ್ಟೇ ಇದೆಯೋ, ನಡೆಯಲ್ಲೂ ಇದೆಯೋ ಎಂಬುದನ್ನು ಆ ಲೆಕ್ಕವೇ ಹೇಳುತ್ತದೆ.