ಎಳೆಯ ಮಕ್ಕಳ ಇಸುಬು

ನನ್ನ ಮಿತ್ರರೊಬ್ಬರ ಮನೆಯಲ್ಲಿ ಒಂದೂವರೆ ವರ್ಷದ ಹೆಣ್ಣುಕೂಸೊಂದುಂಟು. ಹಗಲೆಲ್ಲ ಆಡಿಕೊಂಡು ನಗುತ್ತಿದ್ದ ಆ ಮಗುವಿಗೆ ರಾತ್ರಿ ದೀಪವಾರಿಸಿದೊಡನೆ ಸಂಕಟ ಪ್ರಾರಂಭವಾಗುತ್ತಿತ್ತು. ಕೆನ್ನೆ, ಕತ್ತು, ಮೊಣಕೈಯ ಮಡಿಕೆ, ಮೊಣಕಾಲಿನ ಹಿಂಭಾಗ, ಎಲ್ಲೆಲ್ಲಿಯೂ ನವೆ. ಕೆರೆದಷ್ಟೂ ನವೆ ಹೆಚ್ಚುವುದು; ನವೆ ಹೆಚ್ಚಿದಷ್ಟೂ ಮಗು ಕೆರೆಯುವುದು. ತಾಯಿ ಮಗುವಿನ ಕೈಗಳೆರಡನ್ನೂ ಹಿಡಿದುಕೊಂಡು ಬೆಳಗಿನ ಜಾವದವರೆಗೆ ಕುಳಿತಿರುವರು. ಬೆಳಗಾದಾಗ ಹಾಸಿಗೆಯ ಮೇಲೆ ಸಣ್ಣಸಣ್ಣ ರಕ್ತದ ಕಲೆಗಳು. ಎಂಟು ತಿಂಗಳಲ್ಲಿ ಆ ದಂಪತಿಗಳು ನಾಲ್ವರು ವೈದ್ಯರನ್ನು ಕಂಡಿದ್ದರು. ಹಿರಿಯರ ಮಾತಿನಂತೆ ಬೇವಿನ ಸೊಪ್ಪಿನ ನೀರೆರೆದಿದ್ದರು. ನೆರೆಯವರ ಮಾತಿನಂತೆ ಹಾಲು, ಮೊಟ್ಟೆ, ಗೋಧಿ ಇವುಗಳನ್ನು ಒಂದೊಂದಾಗಿ ಬಿಡಿಸಿದ್ದರು. ಕಡೆಗೆ ನನ್ನ ಬಳಿಗೆ ಬಂದು, ಒಂದು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, “ಸ್ವಾಮಿ, ಇಷ್ಟನ್ನೂ ಪ್ರಯೋಗಿಸಿ ನೋಡಿದ್ದಾಯಿತು. ಇದಕ್ಕೆ ತಕ್ಕ ಔಷಧವೆಂಬುದು ಎಲ್ಲಿಯಾದರೂ ಇದೆಯೆ?” ಎಂದು ಕೇಳಿದರು. ಪೆಟ್ಟಿಗೆಯಲ್ಲಿ ಹನ್ನೊಂದು ಮುಲಾಮಿನ ಟ್ಯೂಬುಗಳಿದ್ದುವು. ಒಂದೂ ಅರ್ಧಕ್ಕಿಂತ ಹೆಚ್ಚು ಖರ್ಚಾಗಿರಲಿಲ್ಲ.

ಆ ಅರ್ಧ ಉಳಿದ ಟ್ಯೂಬುಗಳೇ ಈ ಹೊತ್ತಿನ ನನ್ನ ಭಾಷಣದ ವಿಷಯವೆಂದರೂ ಸಲ್ಲುವುದು.

ಮೊದಲು ರೋಗದ ಸ್ವರೂಪವನ್ನು ನೋಡೋಣ. ನಾವು ಇಸುಬು ಎಂದು ಕರೆಯುವ ಈ ಬೇನೆಗೆ ಡಾಕ್ಟರುಗಳು ಎಕ್ಸಿಮ ಎನ್ನುತ್ತಾರೆ. ಅದು ಗ್ರೀಕ್ ಭಾಷೆಯ ಮಾತು. ಕುದಿದು ಹೊರಚಿಮ್ಮುವುದೆಂದು ಅದರ ಅರ್ಥ. ಇದು ಬಹುಮಟ್ಟಿಗೆ ಮಗುವಿನ ಮೊದಲ ವರ್ಷದಲ್ಲಿಯೇ ಕಾಣಿಸಿಕೊಳ್ಳುತ್ತದೆ. ಬಿಳಿಯ ಚರ್ಮದವರಲ್ಲಿ ಕೆಂಪಗೆ ಎದ್ದು ತೋರುವ ಇಸುಬು ನಮ್ಮ ಮಕ್ಕಳ ಮೈಬಣ್ಣದಲ್ಲಿ ಕಂದಾಗಿಯೋ ಬೂದಿಯಾಗಿಯೋ ಕಾಣುವುದರಿಂದ, ಅದರ ತೀವ್ರತೆಯನ್ನು ಕಡಮೆಯಾಗಿ ಎಣಿಸುವ ಅಪಾಯವುಂಟು. ಈ ರೋಗ ಒಬ್ಬರಿಂದ ಒಬ್ಬರಿಗೆ ಅಂಟುವುದಲ್ಲ. ರಕ್ತ ಕೆಟ್ಟದ್ದರಿಂದ ಬಂದದ್ದೂ ಅಲ್ಲ. ತಾಯಿ ಏನೋ ಅಪಥ್ಯ ಮಾಡಿದಳೆಂದು ಬಂದದ್ದಂತೂ ಅಲ್ಲವೇ ಅಲ್ಲ.

ಹಾಗಾದರೆ ಕಾರಣವೇನು? ಆರೋಗ್ಯವಾದ ಚರ್ಮ ಗಾರೆ ಗಟ್ಟಿಯಾಗಿರುವ ಗೋಡೆಯಂತೆ. ಒಳಗಿನ ತೇವವನ್ನು ಹೊರಗೆ ಬಿಡದು, ಹೊರಗಿನ ಧೂಳುಕ್ರಿಮಿಗಳನ್ನು ಒಳಗೆ ಬಿಡದು. ಇಸುಬಿನ ಮಗುವಿನಲ್ಲಿ ಈ ಗಾರೆ ಸಡಿಲವಾಗಿರುತ್ತದೆ. ಚರ್ಮದ ಈ ಕಟ್ಟಡಕ್ಕೆ ಬೇಕಾದ ಫಿಲಾಗ್ರಿನ್ ಎಂಬ ಪ್ರೋಟೀನಿನ ವಂಶವಾಹಿಯಲ್ಲಿ ದೋಷವಿದ್ದವರಿಗೆ ಇಸುಬು ಬರುವ ಸಂಭವ ಹೆಚ್ಚೆಂಬುದನ್ನು ೨೦೦೬ರಲ್ಲಿ ಸ್ಕಾಟ್ಲೆಂಡಿನ ಡಂಡೀ ನಗರದ ಸಂಶೋಧಕರೂ ಅವರ ಸಹೋದ್ಯೋಗಿಗಳೂ ತೋರಿಸಿಕೊಟ್ಟರು. ಬಿರುಕಿನಿಂದ ಒಳಹೊಕ್ಕ ವಸ್ತುಗಳ ಮೇಲೆ ದೇಹದ ರಕ್ಷಣಾಶಕ್ತಿ ಅತಿಯಾಗಿ ಕೆರಳುತ್ತದೆ. ಅದೇ ಉರಿಯೂತ, ಅದೇ ನವೆ. ಆದಕಾರಣ ಚಿಕಿತ್ಸೆಗೂ ಎರಡು ಅಂಗಗಳು: ಗೋಡೆಯನ್ನು ದುರಸ್ತಿ ಮಾಡುವುದೊಂದು, ಒಳಗೆ ಹತ್ತಿದ ಬೆಂಕಿಯನ್ನು ಆರಿಸುವುದೊಂದು. ಈ ಪ್ರವೃತ್ತಿಯನ್ನು ಬೇರುಸಹಿತ ಕಿತ್ತೊಗೆಯುವ ಔಷಧವಿಲ್ಲ. ಆದರೆ ರೋಗವನ್ನು ಹತೋಟಿಯಲ್ಲಿಡುವ ಔಷಧ ನಿಶ್ಚಯವಾಗಿ ಉಂಟು. ಮಕ್ಕಳಲ್ಲಿ ಅನೇಕರಿಗೆ ಬೆಳೆಯುತ್ತ ಬೆಳೆಯುತ್ತ ಇದು ತಾನಾಗಿಯೇ ಇಳಿದುಹೋಗುವುದೂ ಉಂಟು.

ಗೋಡೆಯ ದುರಸ್ತಿಗೆ ಜಿಡ್ಡಿನ ಲೇಪ, ಅಂಗಡಿಯವರು ಮಾಯಿಶ್ಚರೈಸರ್ ಎನ್ನುವುದು. ಇದರಲ್ಲಿ ಯಾವ ಬಗೆ ಮೇಲು? ಬ್ರಿಟನ್ನಿನಲ್ಲಿ ೫೫೦ ಮಕ್ಕಳನ್ನು ಚೀಟಿಯೆತ್ತಿದಂತೆ ನಾಲ್ಕು ಗುಂಪು ಮಾಡಿ, ಲೋಷನ್, ಕ್ರೀಮ್, ಜೆಲ್, ಮುಲಾಮು ಎಂಬ ನಾಲ್ಕು ಬಗೆಗಳನ್ನೂ ಹೋಲಿಸಿ ನೋಡಿದರು. ೨೦೨೨ರಲ್ಲಿ ಪ್ರಕಟವಾದ ಆ ಪರೀಕ್ಷೆಯಲ್ಲಿ ನಾಲ್ಕರ ಗುಣವೂ ಹೆಚ್ಚುಕಡಮೆ ಒಂದೇ ಎಂದು ಕಂಡುಬಂದಿತು. ಮಗುವಿಗೆ ಹಿತವಾದದ್ದು, ಮನೆಯವರು ದಿನದಿನವೂ ಬೇಸರವಿಲ್ಲದೆ ಹಚ್ಚಬಲ್ಲದ್ದು, ಅದೇ ಒಳ್ಳೆಯದು. ಪರಿಮಳವಿಲ್ಲದ್ದಾದರೆ ಲೇಸು. ಮುಖ್ಯವಾದದ್ದು ಪ್ರಮಾಣ. ಮೈಯೆಲ್ಲ ಇಸುಬಿರುವ ಮಗುವಿಗೆ ವಾರಕ್ಕೆ ೨೫೦ರಿಂದ ೫೦೦ ಗ್ರಾಂವರೆಗೂ ಬೇಕಾಗುವುದು. ನನ್ನ ಮಿತ್ರರು ೫೦ ಗ್ರಾಮಿನ ಒಂದು ಡಬ್ಬಿಯನ್ನು ಎರಡು ತಿಂಗಳು ಉಳಿಸಿದ್ದರು! ಒಂದು ಎಚ್ಚರಿಕೆ: ಜಿಡ್ಡು ಹೀರಿದ ಬಟ್ಟೆಗೆ ಬೆಂಕಿ ಬಲುಬೇಗ ಹತ್ತುತ್ತದೆ, ದೇವರ ದೀಪ, ಒಲೆಗಳಿಂದ ಮಗುವನ್ನು ದೂರವಿಡತಕ್ಕದ್ದು.

ಮನೆಯಲ್ಲಿರುವ ಎಣ್ಣೆಗಳಾಗಬಾರದೆ ಎಂದು ಕೇಳುವಿರಿ. ಎಲ್ಲ ಎಣ್ಣೆಯೂ ಒಂದಲ್ಲ. ಆಲಿವ್ ಎಣ್ಣೆ ಚರ್ಮದ ಗಾರೆಯನ್ನು ಇನ್ನಷ್ಟು ಸಡಿಲಗೊಳಿಸುವುದೆಂದು ೨೦೧೩ರ ಒಂದು ಪರೀಕ್ಷೆ ತೋರಿಸಿದೆ. ಕೊಬ್ಬರಿಎಣ್ಣೆಗೆ ಮಾತ್ರ ಒಳ್ಳೆಯ ಸಾಕ್ಷ್ಯವಿದೆ: ಫಿಲಿಪೀನ್ಸ್ ದೇಶದಲ್ಲಿ ೧೧೭ ಮಕ್ಕಳ ಮೇಲೆ ನಡೆದು ೨೦೧೪ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಸೌಮ್ಯ ಮತ್ತು ಮಧ್ಯಮ ಇಸುಬಿಗೆ ಅಪ್ಪಟ ಕೊಬ್ಬರಿಎಣ್ಣೆ ಖನಿಜತೈಲಕ್ಕಿಂತ ಮೇಲೆನಿಸಿತು. ಇನ್ನು ಸ್ನಾನ. ಹೊಗೆಯಾಡುವ ನೀರನ್ನು ಎರೆದು, ಕಡಲೆಹಿಟ್ಟು ಸೀಗೆಪುಡಿಗಳಿಂದ ಮೈಯುಜ್ಜುವ ನಮ್ಮ ಪದ್ಧತಿ ಈ ಮಕ್ಕಳಿಗೆ ಹೇಳಿಸಿದ್ದಲ್ಲ. ಉಗುರುಬೆಚ್ಚಗಿನ ನೀರು, ಐದು ಹತ್ತು ನಿಮಿಷದ ಸ್ನಾನ, ಒತ್ತಿ ಒರಸುವುದು, ಮೈಯಲ್ಲಿ ತೇವವಿರುವಾಗಲೇ ಲೇಪ ಹಚ್ಚುವುದು, ಇಷ್ಟು ಸಾಕು. ಉಗುರು ಕತ್ತರಿಸಿರಲಿ, ಉಡುಪು ಸಡಿಲವಾದ ಹತ್ತಿಯದಾಗಿರಲಿ.

ಹಣ ತೆತ್ತು ನಿರಾಶರಾಗುವ ಉಪಾಯಗಳನ್ನೂ ಇಲ್ಲಿಯೇ ಹೇಳಿಬಿಡುವೆನು. ಬ್ರಿಟನ್ನಿನಲ್ಲಿಯೇ ನಡೆದ ಪರೀಕ್ಷೆಗಳಿವು. ನೀರಿನ ಗಡಸುತನವನ್ನು ತೆಗೆಯುವ ಯಂತ್ರವನ್ನು ೩೩೬ ಮಕ್ಕಳ ವಿಷಯದಲ್ಲಿ ಪರೀಕ್ಷಿಸಿದರು (೨೦೧೧). ವಿಶೇಷ ರೇಷ್ಮೆಯುಡುಪನ್ನು ೩೦೦ ಮಕ್ಕಳಲ್ಲಿ (೨೦೧೭). ಸ್ನಾನದ ನೀರಿಗೆ ಬೆರಸುವ ಎಣ್ಣೆಗಳನ್ನು ೪೮೨ ಮಕ್ಕಳಲ್ಲಿ (೨೦೧೮). ಮೂರರಿಂದಲೂ ಹೇಳಿಕೊಳ್ಳುವಂಥ ಪ್ರಯೋಜನ ಕಾಣಲಿಲ್ಲ. ರೇಷ್ಮೆಯ ಬೆಲೆಗೆ ಎಷ್ಟೋ ಡಬ್ಬಿ ಲೇಪ ಬರುವುದು.

ಈಗ ಬೆಂಕಿಯನ್ನಾರಿಸುವ ಮಾತು. ಬರಿಯ ಜಿಡ್ಡು ಉರಿಯೂತವನ್ನು ಶಮನಗೊಳಿಸಲಾರದು. ಅದಕ್ಕೆ ಸ್ಟೆರಾಯ್ಡ್ ಲೇಪಗಳು ಬೇಕು. ೧೯೫೨ರಲ್ಲಿ ಸುಲ್ಜ್‌ಬರ್ಗರ್ ಮತ್ತು ವಿಟನ್ ಎಂಬ ಅಮೆರಿಕದ ವೈದ್ಯರು ಹೈಡ್ರೊಕಾರ್ಟಿಸೋನ್ ಲೇಪದಿಂದ ಇಸುಬು ಅಡಗುವುದನ್ನು ವರದಿಮಾಡಿದರು. ಅಂದಿನಿಂದ ಈ ಚಿಕಿತ್ಸೆಗೆ ಇದೇ ಆಧಾರ. ಆದರೆ ಈ ಹೆಸರನ್ನು ಕೇಳಿದೊಡನೆ ತಾಯ್ತಂದೆಗಳ ಎದೆ ಝಲ್ಲೆನ್ನುತ್ತದೆ. ನಮ್ಮಲ್ಲಿ ಮಾತ್ರವಲ್ಲ, ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ೨೦೦ ಮಂದಿಯನ್ನು ವಿಚಾರಿಸಿ ೨೦೦೦ದಲ್ಲಿ ಪ್ರಕಟಿಸಿದ ವರದಿಯಂತೆ, ನೂರಕ್ಕೆ ೭೦ಕ್ಕೂ ಹೆಚ್ಚು ಜನಕ್ಕೆ ಈ ಭಯವಿತ್ತು. ಭಯದ ಫಲವೇನು? ಮೂರು ದಿನ ತೆಳ್ಳಗೆ ಸವರುವುದು. ಸ್ವಲ್ಪ ಇಳಿದೊಡನೆ ನಿಲ್ಲಿಸುವುದು. ಮತ್ತೆ ಕೆರಳಿದಾಗ “ಈ ಔಷಧ ಹಿಡಿಯಲಿಲ್ಲ” ಎಂದು ಬೇರೊಬ್ಬ ವೈದ್ಯರ ಬಳಿಗೆ ಹೋಗುವುದು. ಹೀಗೆ ಹನ್ನೊಂದು ಟ್ಯೂಬುಗಳು ಕೂಡಿಬೀಳುತ್ತವೆ. ಔಷಧ ಕೈಕೊಡಲಿಲ್ಲ, ನಾವು ಔಷಧಕ್ಕೆ ಅವಕಾಶವನ್ನೇ ಕೊಡಲಿಲ್ಲ.

ಅದೇ ನಾಟಿಂಗ್‌ಹ್ಯಾಮಿನ ಇನ್ನೊಂದು ಪರೀಕ್ಷೆ ೨೦೦೨ರಲ್ಲಿ ಪ್ರಕಟವಾಯಿತು. ಸೌಮ್ಯ ಮತ್ತು ಮಧ್ಯಮ ಇಸುಬಿನ ೨೦೭ ಮಕ್ಕಳು. ರೋಗ ಕೆರಳಿದಾಗಲೆಲ್ಲ ಒಂದು ಗುಂಪಿಗೆ ೭ ದಿನ ಸೌಮ್ಯ ಸ್ಟೆರಾಯ್ಡ್. ಇನ್ನೊಂದು ಗುಂಪಿಗೆ ೩ ದಿನ ತೀವ್ರ ಸ್ಟೆರಾಯ್ಡ್, ಉಳಿದ ೪ ದಿನ ಔಷಧವಿಲ್ಲದ ಲೇಪ. ೧೮ ವಾರಗಳ ಬಳಿಕ ಎರಡು ಗುಂಪುಗಳಿಗೂ ಸಮವಾದ ಗುಣ ಕಂಡಿತು. ಚರ್ಮ ತೆಳುವಾದೀತೆಂಬ ಭಯಕ್ಕೆ ಎರಡರಲ್ಲಿಯೂ ಆಧಾರ ದೊರೆಯಲಿಲ್ಲ. ಕ್ರಮವರಿತು ಬಳಸಿದರೆ ಈ ಔಷಧ ನಂಬಿಕೆಗೆ ಅರ್ಹವೆಂದು ಇದರಿಂದ ತಿಳಿಯಬಹುದು.

ಕ್ರಮವೆಂದರೆ ಹೀಗೆ. ಬೆಳೆದವರ ತೋರುಬೆರಳಿನ ಕೊನೆಯ ಗೆಣ್ಣಿನಿಂದ ತುದಿಯವರೆಗೆ ಟ್ಯೂಬಿನಿಂದ ಹಿಂಡಿದ ಔಷಧ ಸುಮಾರು ಅರ್ಧ ಗ್ರಾಂ. ಬೆಳೆದವರ ಎರಡು ಅಂಗೈಯಗಲದಷ್ಟು ಚರ್ಮಕ್ಕೆ ಅಷ್ಟು ಬೇಕು. ಒಂದೆರಡು ವರ್ಷದ ಮಗುವಿನ ಒಂದು ಕೈಗೆ ಪೂರ್ತಿ ಹಚ್ಚಬೇಕಾದರೆ ಇಂಥ ಒಂದೂವರೆ ಬೆರಳು. ಒಂದು ಕಾಲಿಗೆ ಎರಡು. ಮುಖಕ್ಕೆ ಸೌಮ್ಯವಾದದ್ದು, ಮೈಗೆ ವೈದ್ಯರು ಹೇಳಿದಷ್ಟು ಬಲದ್ದು. ಚರ್ಮ ಮುಟ್ಟಿದರೆ ನುಣುಪೆನಿಸುವವರೆಗೆ ಹಚ್ಚಿ, ಬಳಿಕ ನಿಲ್ಲಿಸುವುದು. ಜಿಡ್ಡಿನ ಲೇಪವನ್ನು ಮಾತ್ರ ನಿಲ್ಲಿಸದಿರುವುದು. ಪದೇಪದೇ ಮರುಕಳಿಸುವ ಜಾಗಕ್ಕೆ ವಾರದಲ್ಲಿ ಎರಡು ದಿನ ಮಾತ್ರ ಔಷಧ ಹಚ್ಚಿ ಕಾಯ್ದುಕೊಳ್ಳುವ ಪದ್ಧತಿಯನ್ನು ವೈದ್ಯರು ಸೂಚಿಸುವುದುಂಟು.

ಹಗ್ಗವನ್ನು ಕಂಡು ಹಾವೆಂದು ಹೆದರುವುದು ತಪ್ಪು. ಆದರೆ ಹಾವನ್ನು ಹಗ್ಗವೆಂದು ಹಿಡಿಯುವುದು ಇನ್ನೂ ದೊಡ್ಡ ತಪ್ಪು. ನಮ್ಮ ದೇಶದ ಔಷಧದಂಗಡಿಗಳಲ್ಲಿ ತೀವ್ರ ಸ್ಟೆರಾಯ್ಡಿನೊಡನೆ ಬೂಷ್ಟುನಾಶಕ, ಕ್ರಿಮಿನಾಶಕ ಇವೆಲ್ಲವನ್ನೂ ಬೆರಸಿದ ಮುಲಾಮುಗಳುಂಟು. ಇವುಗಳನ್ನು ವೈದ್ಯರ ಸಲಹೆಯಿಲ್ಲದೆ ಮಗುವಿನ ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ನಿಜವಾಗಿಯೂ ತೆಳುವಾಗುವುದು. ಇಸುಬೆಂದು ಭಾವಿಸಿದ್ದು ಹುಳುಕಡ್ಡಿಯಾಗಿದ್ದರೆ ಒಳಗೊಳಗೇ ಹರಡುವುದು. ಭಾರತ ಸರ್ಕಾರ ೨೦೧೮ರಲ್ಲಿ ಹಲವು ಸ್ಟೆರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದವುಗಳ ಪಟ್ಟಿಗೆ ಸೇರಿಸಿದ್ದು ಈ ದುರುಪಯೋಗವನ್ನು ತಡೆಯುವುದಕ್ಕಾಗಿಯೇ. ಟ್ಯೂಬಿನ ಮೇಲಿನ ಹೆಸರನ್ನು ಓದಿ, ಅದು ಎಷ್ಟು ಬಲದ್ದೆಂದು ವೈದ್ಯರನ್ನು ಕೇಳುವುದರಲ್ಲಿ ಸಂಕೋಚ ಬೇಡ.

ಪಥ್ಯದ ವಿಷಯ. ಮೊದಲ ವರ್ಷದಲ್ಲಿಯೇ ತೀವ್ರವಾಗಿ ಕಾಣಿಸಿಕೊಂಡ ಇಸುಬಿನ ಜೊತೆಗೆ ಕೆಲವು ಮಕ್ಕಳಿಗೆ ಆಹಾರದ ಅಲರ್ಜಿ ಇರುವುದು ನಿಜ. ಅದನ್ನು ವೈದ್ಯರು ಪರೀಕ್ಷಿಸಿ ನಿರ್ಧರಿಸಬೇಕು. ಊಹೆಯ ಮೇಲೆ ಹಾಲು, ಮೊಟ್ಟೆಗಳನ್ನು ಬಿಡಿಸುತ್ತ ಹೋದರೆ ಇಸುಬು ಉಳಿದು ಮಗು ಸೊರಗುವುದು. ಲಂಡನ್ನಿನಲ್ಲಿ ತೀವ್ರ ಇಸುಬೋ ಮೊಟ್ಟೆಯ ಅಲರ್ಜಿಯೋ ಇದ್ದ ೬೪೦ ಕೂಸುಗಳನ್ನು ಐದು ವರ್ಷದವರೆಗೆ ನೋಡಿಕೊಂಡು ೨೦೧೫ರಲ್ಲಿ ಫಲವನ್ನು ಪ್ರಕಟಿಸಿದರು. ಕಡಲೆಕಾಯಿಯನ್ನು ತಿನ್ನಿಸದೆ ಬೆಳೆಸಿದವರಲ್ಲಿ ನೂರಕ್ಕೆ ಸುಮಾರು ೧೭ ಮಕ್ಕಳಿಗೆ ಅದರ ಅಲರ್ಜಿ ಬಂದಿತು. ಎಳವೆಯಿಂದಲೇ ತಿನ್ನಿಸಿದವರಲ್ಲಿ ಸುಮಾರು ೩ ಮಕ್ಕಳಿಗೆ ಮಾತ್ರ. ಬಿಡಿಸುವುದೇ ರಕ್ಷಣೆಯೆಂಬ ನಂಬಿಕೆ ಹೀಗೆ ತಲೆಕೆಳಗಾಯಿತು. ಆದರೆ ಆ ಕೂಸುಗಳನ್ನು ಮೊದಲು ಪರೀಕ್ಷಿಸಿ, ಬಳಿಕ ತಿನ್ನಿಸಿದ್ದರೆಂಬುದನ್ನು ಮರೆಯಬಾರದು. ಇಡಿಯ ಕಡಲೆಬೀಜವನ್ನು ಚಿಕ್ಕ ಮಕ್ಕಳಿಗೆ ಕೊಡಲೇಬಾರದು, ಗಂಟಲಲ್ಲಿ ಸಿಕ್ಕಿಕೊಳ್ಳುವುದು.

ತಡಮಾಡದೆ ವೈದ್ಯರ ಬಳಿಗೆ ಹೋಗಬೇಕಾದ ಸಂದರ್ಭಗಳೂ ಉಂಟು. ಗಾಯದಲ್ಲಿ ಹಳದಿಯ ಹಕ್ಕಳೆ ಕಟ್ಟಿ ರಸ ಸೋರಿದರೆ ಕ್ರಿಮಿ ಸೇರಿದೆಯೆಂದು ಅರ್ಥ. ಒಂದೇ ಅಳತೆಯ ಸಣ್ಣ ಗುಳ್ಳೆಗಳು ಗುಂಪಾಗಿ ಎದ್ದು, ಒಡೆದು, ನೋವೂ ಜ್ವರವೂ ಬಂದರೆ ಅದು ಹರ್ಪಿಸ್ ವೈರಸ್ಸಿನ ಸೋಂಕಾಗಿರಬಹುದು. ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ಇನ್ನು ಮೇಲೆ ಹೇಳಿದ ಚಿಕಿತ್ಸೆಯನ್ನೆಲ್ಲ ಸರಿಯಾಗಿ ನಡೆಸಿದರೂ ಬಗ್ಗದ ಇಸುಬಿಗೆ ಟ್ಯಾಕ್ರೊಲಿಮಸ್ ಎಂಬ ಸ್ಟೆರಾಯ್ಡಲ್ಲದ ಲೇಪವಿದೆ. ಅತಿ ತೀವ್ರವಾದದ್ದಕ್ಕೆ ಡುಪಿಲುಮ್ಯಾಬ್ ಎಂಬ ಚುಚ್ಚುಮದ್ದನ್ನು ಆರು ತಿಂಗಳ ಮಕ್ಕಳಿಂದ ಮೊದಲುಗೊಂಡು ಕೊಡಲು ಅಮೆರಿಕದಲ್ಲಿ ೨೦೨೨ರಲ್ಲಿ ಒಪ್ಪಿಗೆ ದೊರೆಯಿತು. ಬೆಲೆ ಬಹಳ; ತಜ್ಞರ ಕೈಯಲ್ಲಿ ಇರತಕ್ಕ ಔಷಧಗಳಿವು. ಬಹುಮಂದಿ ಮಕ್ಕಳಿಗೆ ಅಷ್ಟು ದೂರ ಹೋಗಬೇಕಾದ ಅಗತ್ಯವೇ ಬೀಳುವುದಿಲ್ಲ.

ನನ್ನ ಮಿತ್ರರ ಮಗುವಿಗೂ ಬೀಳಲಿಲ್ಲ. ಅವರ ಪೆಟ್ಟಿಗೆಯಿಂದಲೇ ಸರಿಯಾದ ಬಲದ ಒಂದು ಔಷಧವನ್ನು ಆರಿಸಿಕೊಟ್ಟು, ಬೆರಳಿನ ಅಳತೆಯನ್ನು ತಾಯಿಗೆ ತೋರಿಸಿಕೊಟ್ಟು, ಬಿಡಿಸಿದ್ದ ಆಹಾರವನ್ನು ಒಂದೊಂದಾಗಿ ನನ್ನ ಕಣ್ಣೆದುರಿನಲ್ಲಿಯೇ ಮತ್ತೆ ಕೊಡಿಸಿದೆನು. ಎರಡನೆಯ ವಾರದಲ್ಲಿ ಮಗು ರಾತ್ರಿಯಿಡೀ ನಿದ್ರೆ ಮಾಡಿತು. ಮಾಗಿಯ ಚಳಿಯಲ್ಲಿ ರೋಗ ಮತ್ತೆ ಕೆರಳಿತು. ಆದರೆ ಈ ಸಲ ಯಾರೂ ಗಾಬರಿಯಾಗಿ ಹೊಸ ವೈದ್ಯರನ್ನು ಹುಡುಕಿಕೊಂಡು ಹೋಗಲಿಲ್ಲ. ಏನು ಮಾಡಬೇಕೆಂಬುದು ಅವರಿಗೆ ತಿಳಿದಿತ್ತು. ಈಗ ಅವರ ಮನೆಯಲ್ಲಿ ಹನ್ನೊಂದು ಟ್ಯೂಬುಗಳಿಲ್ಲ. ಒಂದು ದೊಡ್ಡ ಡಬ್ಬಿ ಲೇಪ, ಒಂದು ಟ್ಯೂಬು ಔಷಧ ಇವೆ. ಡಬ್ಬಿ ಬೇಗಬೇಗನೆ ಖಾಲಿಯಾಗುತ್ತದೆ. ಅದು ಖಾಲಿಯಾಗುತ್ತಿರುವುದೇ ಚಿಕಿತ್ಸೆ ಸರಿಯಾಗಿ ನಡೆಯುತ್ತಿದೆಯೆಂಬುದಕ್ಕೆ ಗುರುತು.